ಒಗ್ಗಿಕೊಂಡಿವೆ ಅಂದುಕೊಂಡಿದ್ದೆ

ನಮ್ಮ ಮನೆಗೆ ಫಿಂಚ್ ಹಕ್ಕಿಗಳು ಬಂದದ್ದು ನನ್ನ ಆಸೆಯಿಂದಲ್ಲ. 2022ರ ಸಂಕ್ರಾಂತಿಗೆ ಬಂದಿದ್ದ ಮಗ, ಪುಣೆಯ ನೌಕರಿಗೆ ವಾಪಸು ಹೊರಡುವ ಹಿಂದಿನ ದಿನ ಒಂದು ದುಂಡನೆಯ ಪಂಜರ ಹಿಡಿದು ಒಳಗೆ ಬಂದ. “ಮನೆ ಭಣಭಣ ಅನ್ನುತ್ತೆ ಅಂತಿದ್ದೆಯಲ್ಲಮ್ಮ, ತಗೋ” ಎಂದು ಮೇಜಿನ ಮೇಲಿಟ್ಟ. ಮನೆ ಭಣಭಣ ಅನ್ನುತ್ತದೆ ಎಂದು ನಾನು ಹೇಳಿದ್ದು ಅವನು ಆಗಾಗ ಬಂದುಹೋಗಲಿ ಎಂಬ ಅರ್ಥದಲ್ಲಿ. ಗಂಡುಮಕ್ಕಳಿಗೆ ಮಾತಿನ ಒಳಗಿನ ಮಾತು ತಿಳಿಯುವುದು ಸ್ವಲ್ಪ ತಡ. ಹೆಂಗಸರಾದ ನಮಗಾದರೂ ಎಲ್ಲ ತಿಳಿಯುತ್ತದೆಯೇ ಎಂದರೆ, ಅದೂ ಇಲ್ಲವೆಂದು ಆ ಪಂಜರವೇ ನನಗೆ ತೋರಿಸಿಕೊಟ್ಟಿತು.

ಪಂಜರದೊಳಗೆ ಎರಡು ಹಕ್ಕಿ. ಜೀಬ್ರಾ ಫಿಂಚ್ ಎಂದು ಹೆಸರು. ನಮ್ಮ ಗದ್ದೆ ಬದುವಿನಲ್ಲಿ ಕಾಣುವ ರಾಟವಾಳದ ದೂರದ ನೆಂಟರು. ಒಂದೊಂದರ ತೂಕ ಹೆಚ್ಚು ಕಡಿಮೆ ಒಂದು ತೊಲ, ಅಂದರೆ ಹನ್ನೆರಡು ಗ್ರಾಂ. ಗಂಡಿಗೆ ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ಬೊಟ್ಟು, ಕತ್ತಿನ ಕೆಳಗೆ ಸಣ್ಣ ಸಣ್ಣ ಕಪ್ಪು ಗೆರೆ, ಪಕ್ಕೆಯಲ್ಲಿ ಕೆಂಗಂದು ಬಣ್ಣದ ಮೇಲೆ ಬಿಳಿ ಚುಕ್ಕಿ. ಹೆಣ್ಣು ಬೂದು ಸೀರೆ ಉಟ್ಟ ನಮ್ಮಂಥ ಮೇಡಂ. ಕೂಗೋ, ಜಾತ್ರೆಯಲ್ಲಿ ಮಕ್ಕಳು ಊದುವ ಪೀಪಿಯದೇ ಸದ್ದು. ಹಾಡುವುದು ಗಂಡು ಮಾತ್ರ. ಹೆಣ್ಣು ಪೀಪಿ ಊದಿ ಉತ್ತರ ಕೊಡುತ್ತದೆ.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಆಸ್ಟ್ರೇಲಿಯದ ಒಣ ಹುಲ್ಲುಗಾವಲನ್ನು ಎಷ್ಟು ಸಲ ಭೂಪಟದಲ್ಲಿ ಕಡ್ಡಿ ಇಟ್ಟು ತೋರಿಸಿದ್ದೇನೋ ಲೆಕ್ಕವಿಲ್ಲ. ಅಲ್ಲಿ ಗುಂಪು ಗುಂಪಾಗಿ ಹುಲ್ಲಿನ ಬೀಜ ಹೆಕ್ಕುತ್ತ, ಮಳೆ ಬಿದ್ದೊಡನೆ ಗೂಡು ಕಟ್ಟುವ ಹಕ್ಕಿಯ ಜಾತಿ ಇದು. ಆದರೆ ನಮ್ಮ ಮನೆಗೆ ಬಂದವು ಅಲ್ಲಿಂದ ಹಿಡಿದು ತಂದವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲೇ ಇವುಗಳ ಪೂರ್ವಜರು ಯೂರೋಪಿನ ಪಂಜರ ಸೇರಿದ್ದವು. ಅಲ್ಲಿಂದ ತಲೆಮಾರಿನ ಮೇಲೆ ತಲೆಮಾರು ಪಂಜರದಲ್ಲೇ ಹುಟ್ಟಿ ಬೆಳೆದಿವೆ.

ಪಂಜರವನ್ನು ಹಜಾರದಲ್ಲಿ, ಟಿ.ವಿ.ಯ ಪಕ್ಕದ ಮೊಳೆಗೆ ನೇತುಹಾಕಿದೆವು. ಬಂದುಹೋಗುವವರಿಗೆಲ್ಲ ಕಾಣಬೇಕಲ್ಲ! ಅದರ ಕೆಳಗೇ ನಮ್ಮತ್ತೆಯ ಮಂಚ. 2021ರಲ್ಲಿ ಮಾವ ತೀರಿಕೊಂಡ ಮೇಲೆ ತೀರ್ಥಹಳ್ಳಿ ಕಡೆಯ ಹಳ್ಳಿಮನೆಗೆ ಬೀಗ ಹಾಕಿ ಅತ್ತೆಯನ್ನು ಶಿವಮೊಗ್ಗಕ್ಕೆ ಕರೆತಂದಿದ್ದೆವು. ಹಿಂದಿನ ಕೋಣೆಯಲ್ಲಿ ನನ್ನ ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆ, ಅಕ್ಕಿ ಡಬ್ಬ ತುಂಬಿಕೊಂಡಿದ್ದರಿಂದ, “ಹಜಾರದಲ್ಲಾದರೆ ಎಲ್ಲರ ನಡುವೆ ಇರ್ತಾರೆ, ಟಿ.ವಿ. ನೋಡಬಹುದು” ಎಂದು ನಾವೇ ತೀರ್ಮಾನ ಮಾಡಿದ್ದೆವು. ಅತ್ತೆ ಬೇಡ ಅನ್ನಲಿಲ್ಲ. ಏಳು ಹೆತ್ತು ಐದನ್ನು ಉಳಿಸಿಕೊಂಡು, ಮನೆತುಂಬ ಆಳುಕಾಳುಗಳ ಮೇಲೆ ಗದರುತ್ತಿದ್ದ ಹೆಂಗಸು ನಮ್ಮಲ್ಲಿಗೆ ಬಂದ ಮೇಲೆ ಒಂದು ಮಾತಿಗೂ ಎದುರಾಡಲಿಲ್ಲ. ನಾವು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೆವು: “ನಮ್ಮತ್ತೆ ಎಷ್ಟು ಚೆನ್ನಾಗಿ ಹೊಂದಿಕೊಂಡುಬಿಟ್ಟರು ಗೊತ್ತಾ!”

ಹಕ್ಕಿಗಳ ವಿಷಯದಲ್ಲೂ ಅದನ್ನೇ ಹೇಳಿದೆ. ಮೊದಲ ವಾರ ಎರಡೂ ಕಂಬಿಯಿಂದ ಕಂಬಿಗೆ ಹಾರಿ ಗಲಾಟೆ ಮಾಡಿದವು. ಆಮೇಲೆ ಸುಮ್ಮನಾದವು. “ಒಗ್ಗಿಕೊಂಡವು” ಎಂದೆ. ಮಗ ಪಂಜರದ ಜೊತೆಗೇ ಒಂದು ಪುಟ್ಟ ಮಡಕೆಯನ್ನೂ ಕೊಡಿಸಿದ್ದ. ಹೆಣ್ಣು ಅದರಲ್ಲಿ ಮೊಟ್ಟೆ ಇಟ್ಟಿತು. ಮರಿ ಆಗಲಿಲ್ಲ. ಮತ್ತೆ ಇಟ್ಟಿತು, ಮತ್ತೆ ಆಗಲಿಲ್ಲ. ಮೂರನೆಯ ಸಲವೂ ಇಟ್ಟಾಗ ನಮಗೆ ಅದೊಂದು ಸಂಭ್ರಮ. ಅತ್ತೆ ಮಾತ್ರ ಮಂಚದ ಮೇಲಿಂದ ನೋಡಿ, “ಆ ಹೆಣ್ಣಿಗೆ ಸ್ವಲ್ಪ ಪುರುಸೊತ್ತು ಕೊಡಿ ಮಾರಾಯ್ತಿ” ಅಂದರು. ನಾನು ನಕ್ಕೆ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮೌಲ್ಯಮಾಪನ ಮುಗಿಸಿ ಬಂದಾಗ ಹೆಣ್ಣು ಹಕ್ಕಿ ಪಂಜರದ ತಳದಲ್ಲಿ ಕೂತಿತ್ತು. ಗರಿಗಳನ್ನೆಲ್ಲ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು, ಹತ್ತಿಯ ಉಂಡೆಯ ಹಾಗೆ. ಅಯ್ಯೋ ಎಷ್ಟು ಮುದ್ದು ಎಂದು ಫೋನಿನಲ್ಲಿ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಮಗ, ಮಗಳು, ನಾದಿನಿ ಎಲ್ಲರೂ ಕೆಂಪು ಹೃದಯದ ಚಿತ್ರ ಕಳಿಸಿದರು. ಮರುದಿನ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಎದ್ದಾಗ ಅದು ಸತ್ತುಬಿದ್ದಿತ್ತು.

ಆ ಫೋಟೋ ಈಗಲೂ ನನ್ನ ಫೋನಿನಲ್ಲಿದೆ. ಮುದ್ದು ಎಂದು ನಾನು ತೆಗೆದದ್ದು ಒಂದು ಜೀವ ಸಾಯುತ್ತಿರುವ ಚಿತ್ರವನ್ನು. ಗರಿ ಉಬ್ಬಿಸುವುದು ಚಳಿಗೆ, ನಿದ್ದೆಗೆ ಎಲ್ಲ ಹಕ್ಕಿಗಳೂ ಮಾಡುವ ಕೆಲಸವೇ. ಆದರೆ ಏಪ್ರಿಲ್ ಬಿಸಿಲಿನ ಹೊತ್ತಿನಲ್ಲಿ, ಹಗಲಲ್ಲಿ, ಕೊಂಬೆಯ ಮೇಲೆ ಕೂರುವ ಹಕ್ಕಿ ತಳಕ್ಕಿಳಿದು ಉಬ್ಬಿ ಕೂತಿದೆ ಎಂದರೆ ಮೈಯ ಕಾವು ಉಳಿಸಿಕೊಳ್ಳಲೂ ಅದಕ್ಕೆ ಶಕ್ತಿಯಿಲ್ಲ ಎಂದರ್ಥ. ಇದು ನನಗೆ ತಿಳಿದದ್ದು ಆಮೇಲೆ.

ಉಳಿದ ಗಂಡು ಮೂರು ದಿನ ಒಂದೇ ಸಮನೆ ಪೀಪಿ ಊದಿ ಕರೆಯಿತು. ನಾಲ್ಕನೆಯ ದಿನ ನಿಲ್ಲಿಸಿತು. ಹಾಡೂ ಇಲ್ಲ, ಕೂಗೂ ಇಲ್ಲ. ಒಂದೇ ಕಂಬಿಯ ಮೇಲೆ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಗಡಿಯಾರದ ಲೋಲಕದ ಹಾಗೆ. “ಪಾಪ, ಮರೆತುಬಿಟ್ಟಿತು, ಒಗ್ಗಿಕೊಂಡಿತು” ಎಂದೆ.

“ಅದು ಒಗ್ಗಿದ್ದಲ್ಲ ಮಾರಾಯ್ತಿ, ಸೋತಿದ್ದು” ಎಂದರು ಅತ್ತೆ.

ಆ ಮಾತು ಮನಸ್ಸಿಗೆ ಚುಚ್ಚಿತು. ಪಶು ಆಸ್ಪತ್ರೆಯ ಡಾಕ್ಟರಿಗೆ ಫೋನು ಮಾಡಿದೆ. ಅವರು, ಗಾಳಿ ಬಡಿಯದ ಹಾಗೆ ಬೆಚ್ಚಗಿಡಿ, ಬಿಸಿ ಒಂದು ಬದಿಗೆ ಮಾತ್ರ ಇರಲಿ, ಬೇಡವೆನಿಸಿದರೆ ಹಕ್ಕಿ ಆಚೆ ಸರಿದುಕೊಳ್ಳಲು ಜಾಗವಿರಬೇಕು ಎಂದರು. ಕೊನೆಗೆ, “ನಮ್ಮಲ್ಲಿಗೆ ಬರೋದು ಹೆಚ್ಚಾಗಿ ದನ, ನಾಯಿ ಮೇಡಂ. ಹಕ್ಕಿ ಸಾಕುವವರು ಯಾರಾದರೂ ಬಂದು ಪಂಜರ ನೋಡಿದರೆ ಒಳ್ಳೆಯದು” ಎಂದು ಪ್ರಾಮಾಣಿಕವಾಗಿ ಹೇಳಿ ಒಬ್ಬರ ನಂಬರು ಕೊಟ್ಟರು. ಆ ನಂಬರಿಗೆ ಫೋನು ಮಾಡಿದರೆ ಆ ಕಡೆಯಿಂದ, “ಮೇಡಂ, ನಿಮ್ಮ ದನಿ ಗೊತ್ತಾಯ್ತು. ನಾನು ನಿಮ್ಮ ಸ್ಟೂಡೆಂಟು” ಎಂದಿತು.

ಸಂಜೆ ಬಂದ. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ, ಎಸ್.ಎಸ್.ಎಲ್.ಸಿ.ಯಲ್ಲಿ ಎರಡು ಸಲ ಫೇಲಾದ ಹುಡುಗ. ಈಗ ಎಲೆಕ್ಟ್ರಿಕ್ ಕೆಲಸ ಮಾಡುತ್ತಾನೆ, ಮನೆಯ ತಾರಸಿಯ ಮೇಲೆ ದೊಡ್ಡ ಬಲೆಯ ಮನೆ ಕಟ್ಟಿ ಫಿಂಚ್ ಸಾಕಿದ್ದಾನೆ. ಬಂದವನು ಪಂಜರದ ಹತ್ತಿರ ಹೋಗಲಿಲ್ಲ. ಬಾಗಿಲ ಬಳಿಯೇ ಗೋಡೆಗೊರಗಿ ಹತ್ತು ನಿಮಿಷ ಮಾತಾಡದೆ ನಿಂತ. ನಾನು ಕೊಟ್ಟ ಕಾಫಿ ಆರಿಹೋಯಿತು. ಆಮೇಲೆ ಮೆಲ್ಲಗೆ ಹೇಳಿದ:

“ಹತ್ತಿರ ಹೋಗಿ ನೋಡಿದರೆ ಗೊತ್ತಾಗಲ್ಲ ಮೇಡಂ. ಗುಂಪಲ್ಲಿ ಬದುಕೋ ಹಕ್ಕಿ. ಸೋತಿದ್ದು ತೋರಿಸಿದರೆ ಗಿಡುಗ ಅದನ್ನೇ ಎತ್ತಿಕೊಂಡು ಹೋಗ್ತದೆ. ಅದಕ್ಕೇ ನಾವು ನೋಡೋವಾಗ ಚೆನ್ನಾಗಿರೋ ಹಾಗೆ ನಟಿಸ್ತವೆ. ನಾವು ಇಲ್ಲ ಅಂದುಕೊಂಡಾಗ ಹೇಗಿರ್ತವೆ, ಅದನ್ನ ನೋಡಬೇಕು.”

ಆಮೇಲೆ ಒಂದೊಂದೇ ತೋರಿಸಿದ. ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುತ್ತಿದೆಯೇ ನೋಡಿ. ಆಡಿದರೆ ಉಸಿರಿಗೆ ಕಷ್ಟ. ಬಿಸಿಲಿಲ್ಲದ ಹೊತ್ತಿನಲ್ಲೂ ಕೊಕ್ಕು ತೆರೆದು ಏದುತ್ತಿದೆಯೇ ನೋಡಿ. ಹಕ್ಕಿಗಳಿಗೆ ಬೆವರಿಲ್ಲ, ಸೆಖೆಗೆ ಕೊಕ್ಕು ತೆರೆಯುತ್ತವೆ, ಆದರೆ ಗಾಬರಿಗೂ ತೆರೆಯುತ್ತವೆ. ಗರಿ ನೇವರಿಸಿಕೊಳ್ಳುವುದನ್ನು ಬಿಟ್ಟಿದೆಯೇ, ಇಲ್ಲ ಬೋಳಾಗುವ ತನಕ ಕಿತ್ತುಕೊಳ್ಳುತ್ತಿದೆಯೇ? ಕಾಳಿನ ಬಟ್ಟಲು ತುಂಬಿದ ಹಾಗೆ ಕಂಡರೆ ಒಮ್ಮೆ ಊದಿ ನೋಡಿ. ಹೊಟ್ಟು ಹಾರಿಹೋಗಿ ಬಟ್ಟಲು ಬರಿದಾಗಿರಬಹುದು. ಹಿಕ್ಕೆ ನೀರಾಗಿದೆಯೇ? ಒಂದೇ ದಾರಿಯಲ್ಲಿ ಹಿಂದೆ ಮುಂದೆ ಓಡಾಡುವುದು ಆಟವಲ್ಲ. ಮತ್ತೆ ಎಲ್ಲಕ್ಕಿಂತ ಮುಖ್ಯ, ಹಾಡುತ್ತಿದ್ದದ್ದು ನಿಲ್ಲಿಸಿದೆಯೇ?

“ಸುಮ್ಮನಿದೆ ಅಂತ ಬಿಡಬಾರದು ಮೇಡಂ” ಎಂದು ನಕ್ಕ. “ನಿಮ್ಮ ಕ್ಲಾಸಲ್ಲಿ ನಾನೂ ಹೀಗೇ ಸುಮ್ಮನೆ ಕೂತಿರ್ತಿದ್ದೆ.”

ಅವನು ಕೊಂಕಿನಿಂದ ಹೇಳಲಿಲ್ಲ. ಆದರೆ ನನಗೆ ಕೂತ ಕುರ್ಚಿ ಬಿಸಿಯಾಯಿತು. ಇಪ್ಪತ್ತೆಂಟು ವರ್ಷದಿಂದ, ನನ್ನ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳಿಸಬೇಕು ಎಂದು ಹೆಮ್ಮೆಪಟ್ಟವಳು ನಾನು. ಅವನ ಅಂಕಪಟ್ಟಿಯಲ್ಲಿ ‘ಶಾಂತ ಸ್ವಭಾವ’ ಎಂದು ಬರೆದಿದ್ದವಳೂ ನಾನೇ ಇರಬೇಕು.

ಕಾರಣಗಳನ್ನೂ ಅವನು ಬಾಗಿಲಲ್ಲಿ ನಿಂತೇ ಎಣಿಸಿದ. ದುಂಡು ಪಂಜರಕ್ಕೆ ಮೂಲೆಯಿಲ್ಲ, ಹೆದರಿದ ಹಕ್ಕಿಗೆ ಒರಗಿಕೊಳ್ಳಲು ಜಾಗವಿಲ್ಲ. ಫಿಂಚ್ ಗಿಳಿಯ ಹಾಗೆ ಹತ್ತುವ ಹಕ್ಕಿಯಲ್ಲ, ಅಡ್ಡಡ್ಡ ಹಾರುವ ಹಕ್ಕಿ. ಅದಕ್ಕೆ ಬೇಕಾದದ್ದು ಎತ್ತರವಲ್ಲ, ಉದ್ದ. ಪಂಜರದ ನಾಲ್ಕು ಕಡೆಯೂ ಬಯಲು. ಮೇಲೆ ಫ್ಯಾನಿನ ಗಾಳಿ. ಪಕ್ಕದಲ್ಲಿ ಟಿ.ವಿ.ಯ ಅಬ್ಬರ, ರಾತ್ರಿ ಹನ್ನೊಂದರ ತನಕ ಟ್ಯೂಬ್‌ಲೈಟು. ಅದಕ್ಕೋ ದಿನಕ್ಕೆ ಹತ್ತು ಹನ್ನೆರಡು ತಾಸು ಕತ್ತಲೆಯ ನಿದ್ದೆ ಬೇಕು. ಎದುರಿನ ಕಿಟಕಿಯಾಚೆ ಕಾಂಪೌಂಡ್ ಮೇಲೆ ದಿನಾ ಬಂದು ಕೂರುವ ಬೆಕ್ಕು; ಅದು ಒಳಗೆ ಬರಲಾರದು ಎಂಬುದು ನಮಗೆ ಗೊತ್ತು, ಹಕ್ಕಿಗೆ ಗೊತ್ತಿಲ್ಲ. ಅಡುಗೆಮನೆಯಿಂದ ನೇರವಾಗಿ ಬರುವ ಒಗ್ಗರಣೆಯ ಘಾಟು. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಬರುವ ಹೊಗೆಯಂತೂ ಹಕ್ಕಿಗಳನ್ನು ಕೊಂದೇಬಿಡುತ್ತದಂತೆ. ಕೂರುವ ಕಡ್ಡಿಗಳೆಲ್ಲ ಒಂದೇ ದಪ್ಪದ ಪ್ಲಾಸ್ಟಿಕ್ಕು. ಎಲ್ಲಕ್ಕೂ ಮೇಲೆ, ಯಾವಾಗಲೂ ತೂಗುತ್ತಿದ್ದ ಆ ಮಡಕೆ. ಗೂಡು ಕಂಡರೆ ಹೆಣ್ಣು ಇಡುತ್ತಲೇ ಹೋಗುತ್ತದೆ, ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣದಂಶ ತನ್ನ ಮೂಳೆಯಿಂದಲೇ ಹೋಗುತ್ತದೆ, ಬಳಲುತ್ತದೆ. “ನಿಮ್ಮ ಹೆಣ್ಣು ಹಕ್ಕಿ ಇದಕ್ಕೇ ಸತ್ತಿದ್ದು ಅಂತ ಹೇಳೋಕಾಗಲ್ಲ. ಆದರೆ ಮಡಕೆ ತೆಗೆದಿಡಬೇಕಿತ್ತು” ಎಂದ.

“ನಾ ಹೇಳಲಿಲ್ವಾ?” ಎಂದರು ಅತ್ತೆ ಮಂಚದಿಂದ. “ಏಳು ಬಾಣಂತನ ಮಾಡಿಸಿಕೊಂಡವಳಿಗೆ ಗೊತ್ತಾಗ್ತದೆ. ಅಲ್ಲ ಮಗಾ, ಇದನ್ನ ಬಿಟ್ಟುಬಿಟ್ಟರೆ ಆಗಲ್ವಾ? ಎಲ್ಲೋ ಬದುಕಿಕೊಳ್ತದೆ.”

“ಆಗಲ್ಲ ಅಜ್ಜಿ. ನಮ್ಮ ರಾಟವಾಳನೋ ಗಿಳಿನೋ ಆಗಿದ್ದರೆ ಸಾಕೋದೇ ಅಪರಾಧ, 1972ರ ವನ್ಯಜೀವಿ ಕಾಯ್ದೆ ಇದೆ. ಇದು ಪರದೇಶದ್ದು. ಮುತ್ತಜ್ಜನ ಕಾಲದಿಂದ ಪಂಜರದಲ್ಲೇ ಹುಟ್ಟಿದ್ದು. ಹೊರಗೆ ಕಾಳು ಹುಡುಕೋದೂ ಗೊತ್ತಿಲ್ಲ, ಗಿಡುಗ ಬಂದರೆ ಎಲ್ಲಿ ಅಡಗಬೇಕು ಅಂತಲೂ ಗೊತ್ತಿಲ್ಲ. ಬಿಟ್ಟರೆ ಎರಡು ದಿನ. ವಾಪಸು ಹೋಗೋಕೆ ಅದಕ್ಕೆ ಊರಿಲ್ಲ. ಇರೋ ಜಾಗವನ್ನೇ ಸರಿ ಮಾಡಿಕೊಡಬೇಕು, ಅಷ್ಟೇ.”

ಅತ್ತೆ ಏನೂ ಹೇಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು.

ಅವನು ಹೋದ ಮೇಲೆ ನಾನು ಪಂಜರವನ್ನು ನೋಡುತ್ತ ನಿಂತೆ. ಟಿ.ವಿ.ಯ ಅಬ್ಬರ. ಫ್ಯಾನಿನ ಗಾಳಿ. ಹನ್ನೊಂದರ ತನಕ ಬೆಳಕು. ನಾಲ್ಕು ಕಡೆಯೂ ಬಯಲು, ಬಂದುಹೋಗುವವರ ಕಣ್ಣು. ಅವನು ಎಣಿಸಿದ್ದನ್ನು ನಾನು ಮತ್ತೆ ಎಣಿಸುತ್ತಿದ್ದ ಹಾಗೆ ಕಣ್ಣು ಕೆಳಗಿನ ಮಂಚಕ್ಕೆ ಇಳಿಯಿತು. ಹಳ್ಳಿಯಲ್ಲಿ ಎಂಟಕ್ಕೆ ಮಲಗಿ ನಾಲ್ಕೂವರೆಗೆ ಏಳುತ್ತಿದ್ದ ಜೀವ. ಇಲ್ಲಿ ನಮ್ಮ ಧಾರಾವಾಹಿ, ಕ್ರಿಕೆಟ್ಟು ಮುಗಿಯುವ ತನಕ ಮುಖದ ಮೇಲೆ ಸೆರಗು ಹಾಕಿಕೊಂಡು ಮಲಗುತ್ತಿದ್ದರು. ಸೀರೆ ಸರಿಮಾಡಿಕೊಳ್ಳಬೇಕಾದರೂ ಬಚ್ಚಲಿಗೆ ಹೋಗಬೇಕಿತ್ತು. ಎರಡು ರೊಟ್ಟಿ ಉಣ್ಣುತ್ತಿದ್ದವರು ಒಂದಕ್ಕೆ ಬಂದಿದ್ದರು; ವಯಸ್ಸಾಯಿತು ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಯಾರೂ ಅವರಿಗೆ ಅನ್ಯಾಯ ಮಾಡಿರಲಿಲ್ಲ. ಕೇಳಿರಲಿಲ್ಲ, ಅಷ್ಟೇ.

ರಾತ್ರಿ ಊಟವಾದ ಮೇಲೆ ಮಂಚದ ತುದಿಯಲ್ಲಿ ಕೂತು, “ಅತ್ತೆ, ನಿಮಗೂ ಈ ಜಾಗ ಆಗಿಬರ್ತಿಲ್ವಾ?” ಎಂದೆ.

“ಆಗಿಬರ್ತದೆ ಬಿಡು” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ರಾತ್ರಿ ಬೆಳಕು ಒಂಚೂರು ಜಾಸ್ತಿ” ಎಂದರು.

ಒಂದೂವರೆ ವರ್ಷಕ್ಕೆ ಅವರು ಹೇಳಿದ ತಕರಾರು ಅದೊಂದೇ.

ಮುಂದಿನ ಭಾನುವಾರ ನಾನೂ ನಮ್ಮವರೂ ಸೇರಿ ಹಿಂದಿನ ಕೋಣೆಯನ್ನು ಖಾಲಿ ಮಾಡಿದೆವು. ಹಳೆಯ ಪ್ರಶ್ನೆಪತ್ರಿಕೆ ಗುಜರಿಗೆ, ಅಕ್ಕಿ ಡಬ್ಬ ಅಡುಗೆಮನೆಗೆ. ಮೂಡಣ ಕಿಟಕಿಯ ಕೋಣೆ, ಹಿತ್ತಿಲಿಗೆ ಬಾಗಿಲು. ಅತ್ತೆಯ ಮಂಚ ಅಲ್ಲಿಗೆ ಹೋಯಿತು. ಹಕ್ಕಿಯೂ ಅಲ್ಲಿಗೇ ಹೋಯಿತು. ಅತ್ತೆಯೇ “ಅದೂ ಇರಲಿ” ಎಂದರು.

ಪಂಜರ ಬದಲಾಯಿಸಿದೆವು: ಎರಡೂವರೆ ಅಡಿ ಉದ್ದದ ಚೌಕುಳಿ ಪಂಜರ. ಅದನ್ನು ನಮ್ಮ ಕಣ್ಣಿನ ಎತ್ತರಕ್ಕೆ, ಬೆನ್ನು ಗೋಡೆಗೆ ಬರುವಂತೆ ಇಟ್ಟು, ಒಂದು ಪಕ್ಕಕ್ಕೆ ಹಳೆಯ ಹತ್ತಿ ಸೀರೆಯ ತುಂಡು ಕಟ್ಟಿದೆವು. ಪ್ಲಾಸ್ಟಿಕ್ ಕಡ್ಡಿ ತೆಗೆದು ಹಿತ್ತಿಲ ಪೇರಲೆ ಗಿಡದ ದಪ್ಪ ಸಣ್ಣ ಕೊಂಬೆ ತೊಳೆದು ಹಾಕಿದೆವು. ನವಣೆ, ಸಾಮೆ, ಸ್ವಲ್ಪ ಸೊಪ್ಪು, ಕೊಕ್ಕು ಉಜ್ಜಿಕೊಳ್ಳಲು ಸುಣ್ಣದಂಶವಿರುವ ಕಟಲ್ ಬೋನ್. ಮೈ ತೊಳೆಯಲು ಅಂಗೈಯಗಲದ ಬಟ್ಟಲಿನಲ್ಲಿ ಒಂದು ಬೆರಳ ಗೆರೆಯಷ್ಟು ನೀರು. ಎಲ್ಲಕ್ಕಿಂತ ಹೆಚ್ಚಿನ ಔಷಧಿ ಹೊತ್ತು ತಪ್ಪದಿರುವುದು: ನೀರು ಬದಲಿಸುವುದು ಅದೇ ಹೊತ್ತಿಗೆ, ಅದೇ ಕೈ, ಕೈ ಒಳಗೆ ಹಾಕುವ ಮುಂಚೆ ಅದೇ ಮೆಲುದನಿ. ಸಂಜೆ ಏಳಕ್ಕೆ ಪಂಜರದ ಮೇಲೆ ಬಟ್ಟೆ. ಎತ್ತಿ ಮುದ್ದಿಸುವ ಆಸೆಯನ್ನು ಬಿಡಬೇಕು. ಫಿಂಚಿಗೆ ನಮ್ಮ ಕೈ ಎಂದರೆ ಗಿಡುಗದ ಕಾಲು.

ಒಂಟಿಯಾಗಿ ಬಿಡಬಾರದೆಂದು ಹುಡುಗ ತನ್ನ ಹಿಂಡಿನಿಂದ ಒಂದು ಹೆಣ್ಣು ಕೊಟ್ಟ. ಅದನ್ನು ಕೂಡಲೇ ಜೊತೆಗೆ ಬಿಡಲಿಲ್ಲ. ಯಾವ ಕಡೆಯಿಂದಲೂ ಕಾಯಿಲೆ ಹರಡದಿರಲಿ ಎಂದು ಒಂದು ತಿಂಗಳು ಬೇರೆ ಕೋಣೆಯಲ್ಲಿ ಬೇರೆ ಪಂಜರ. ಗೋಡೆಯ ಆಚೆಯಿಂದ ಒಂದು ಪೀಪಿ, ಈಚೆಯಿಂದ ಒಂದು ಪೀಪಿ. ನಮ್ಮ ಶಾಲೆಯ ವಿಜ್ಞಾನದ ಮೇಡಂಗೆ ಇದನ್ನು ಹೇಳಿದಾಗ ಅವರು ಎರಡು ಸಂಗತಿ ತಿಳಿಸಿದರು. ಜೋಡಿಯಿಂದ ಬೇರಾದ ಜೀಬ್ರಾ ಫಿಂಚ್‌ನ ರಕ್ತದಲ್ಲಿ ಕಾರ್ಟಿಕೋಸ್ಟೆರೋನ್ ಎಂಬ ಒತ್ತಡದ ಹಾರ್ಮೋನು ಏರುವುದನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರಂತೆ. ಇನ್ನೊಂದು, ಸೆಖೆ ಹೆಚ್ಚಾದಾಗ ಈ ಹಕ್ಕಿಗಳು ಮೊಟ್ಟೆಯೊಳಗಿನ ಮರಿಗೆ ಒಂದು ಬಗೆಯ ಕೂಗು ಕೂಗುತ್ತವೆ, ಆ ಕೂಗು ಕೇಳಿದ ಮರಿಗಳು ಸೆಖೆಗೆ ತಕ್ಕ ಹಾಗೆ ಬೆಳೆಯುತ್ತವೆ ಎಂದು 2016ರಲ್ಲಿ ಆಸ್ಟ್ರೇಲಿಯದಲ್ಲಿ ಕಂಡುಕೊಂಡಿದ್ದಾರಂತೆ. ಇನ್ನೂ ಹುಟ್ಟದ ಮರಿಯೊಂದಿಗೂ ಮಾತಾಡುವ ಜೀವ ಅದು. ಅಂಥದ್ದು ಬಾಯಿ ಮುಚ್ಚಿ ಕೂತಾಗ ನಾನು ಒಗ್ಗಿಕೊಂಡಿತು ಎಂದಿದ್ದೆ!

ಆ ವರ್ಷದ ದೀಪಾವಳಿಯಲ್ಲಿ ಮತ್ತೊಂದು ಪರೀಕ್ಷೆ. ಬೀದಿಯಲ್ಲಿ ಆಟಂಬಾಂಬು. ಹುಡುಗ ಮೊದಲೇ ಹೇಳಿದ್ದ, ಕತ್ತಲಲ್ಲಿ ಬೆಚ್ಚಿದರೆ ದಿಕ್ಕು ಕಾಣದೆ ಕಂಬಿಗೆ ಬಡಿದುಕೊಂಡು ರೆಕ್ಕೆ ಮುರಿದುಕೊಳ್ಳುತ್ತವೆ, ಒಂದು ಮಂದ ದೀಪ ಇರಲಿ ಎಂದು. ಕಿಟಕಿ ಮುಚ್ಚಿ, ಪರದೆ ಎಳೆದು, ಸಣ್ಣ ದೀಪ ಹಚ್ಚಿಟ್ಟೆ. ಅತ್ತೆ ಪಂಜರದ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. “ನೀವು ಹೊರಗೆ ಬನ್ನಿ ಅತ್ತೆ, ಹೂಕುಂಡ ಹಚ್ತಾರೆ” ಎಂದರೆ, “ನನಗೂ ಆ ಸದ್ದು ಆಗಲ್ಲ, ಅದಕ್ಕೂ ಆಗಲ್ಲ. ನಾವಿಬ್ಬರೂ ಇಲ್ಲೇ ಇರ್ತೀವಿ” ಎಂದರು. ಆಗಲ್ಲ ಎಂದು ಬಾಯಿಬಿಟ್ಟು ಹೇಳಿದರಲ್ಲ ಎಂದು ನಾನು ಒಳಗೊಳಗೇ ಸಂತೋಷಪಟ್ಟೆ.

ಈ ಹೊತ್ತಿಗೆ ಗಂಡು ಹಕ್ಕಿ ಮತ್ತೆ ಹಾಡತೊಡಗಿತ್ತು. ಮೊದಲು ಅರ್ಧ ಸಾಲು, ಕೆಮ್ಮಿದ ಹಾಗೆ. ಆಮೇಲೆ ಪೂರ್ತಿ. ಬೆಳಿಗ್ಗೆ ಐದೂವರೆಗೆ ಬಟ್ಟೆ ತೆಗೆಯುವುದು ಅತ್ತೆಯ ಕೆಲಸವಾಯಿತು. ಹಿತ್ತಿಲ ಬೇಲಿಯಾಚೆಯ ಮನೆಯ ಅಜ್ಜಿಯೊಬ್ಬರು ಹಕ್ಕಿ ನೋಡಲು ಬಂದವರು ದಿನಾ ಬರುವಂತಾದರು. ಇಬ್ಬರೂ ಎಲೆಯಡಿಕೆ ಹಾಕುತ್ತ ಮಧ್ಯಾಹ್ನ ಕಳೆಯುತ್ತಿದ್ದರು. ನಾನೂ ತರಗತಿಯಲ್ಲಿ ಒಂದು ಅಭ್ಯಾಸ ಮಾಡಿಕೊಂಡೆ. ಗಲಾಟೆ ಮಾಡುವವರನ್ನು ಗದರಿಸಿ ಮುಗಿದ ಮೇಲೆ, ಸುಮ್ಮನೆ ಕೂತವರ ಹತ್ತಿರವೂ ಒಂದು ಸುತ್ತು ಹೋಗಿ ಬರುವುದು.

ಒಂದು ಬೆಳಿಗ್ಗೆ ನಾನು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದೆ. ಹಿಂದಿನ ಕೋಣೆಯಲ್ಲಿ ಎರಡೂ ಪೀಪಿಗಳು ಒಟ್ಟಿಗೆ ಶುರುವಾದವು. ಅದರ ಮೇಲೆ ಅತ್ತೆಯ ದನಿ: “ಸಾಕು ಮಾಡಿರೋ! ಹೊತ್ತು ಹುಟ್ಟೋಕೆ ಮುಂಚೆ ಎಂಥ ಗಲಾಟೆ ನಿಮ್ಮದು! ಏ ಮಾರಾಯ್ತಿ, ಕಾಫಿ ಇನ್ನೂ ಆಗಲಿಲ್ವಾ? ಇವಕ್ಕೂ ಹೇಳೋರಿಲ್ಲ, ನಿನಗೂ ಹೇಳೋರಿಲ್ಲ!”

ನಮ್ಮವರು ಪೇಪರಿನಿಂದ ತಲೆಯೆತ್ತಿ, “ಏನಾಯ್ತು ಅಮ್ಮನಿಗೆ, ಇಷ್ಟು ದಿನ ಇಲ್ಲದ್ದು?” ಎಂದರು.

“ಏನಿಲ್ಲ” ಎಂದೆ. “ಒಗ್ಗಿಕೊಂಡರು.”